ಉಸಿರೆಳೆದರೆ ಮಾಲು ಬಿದ್ದಂತೆ

ಐಸಿಯುವಿನ ಗಾಜಿನ ಬಾಗಿಲ ಹೊರಗೆ ಒಬ್ಬ ಹೆಂಗಸು ನನ್ನ ಕಾಲರ್ ಹಿಡಿದು ಗೋಡೆಗೆ ಒತ್ತಿದ್ದಳು. ಒತ್ತಿದ ಕೈ ಸಾಮಾನ್ಯದ್ದಲ್ಲ. ಶ್ರೀರಾಂಪುರದ ಕಡೆ ಯಾವುದೋ ಶಾಲೆಯಲ್ಲಿ ಆಕೆ ಪಿ.ಟಿ. ಟೀಚರ್, ಮಕ್ಕಳಿಗೆ ಗುಂಡು ಎಸೆಯುವುದನ್ನು ಕಲಿಸುವ ಕೈ ಅದು. ನನ್ನಂಥ ಕಡ್ಡಿ ಆಕೆಗೆ ಒಂದು ಲೆಕ್ಕವೇ ಅಲ್ಲ.

"ನಮ್ಮಪ್ಪ ಅಲ್ಲಿ ಉಸಿರಿಗೆ ಒದ್ದಾಡ್ತಾ ಬಿದ್ದಿದ್ರೆ, ನೀನು ಪಕ್ಕದಲ್ಲಿ ನಿಂತ್ಕೊಂಡು ಅಣಕಿಸ್ತೀಯೇನೋ? ಕೋತಿ ನನ್ಮಗನೆ!"

"ಅಣಕಿಸ್ಲಿಲ್ಲ ಮೇಡಂ. ಅಳತೆ ತಗೋತಿದ್ದೆ."

"ಅಳತೆ ತಗೊಳೋಕೆ ನೀನೇನು ಟೈಲರ್ರಾ?"

ಉತ್ತರ ಕೊಡಬಹುದಿತ್ತು. ಕಾಲರ್ ಬಿಟ್ಟಿದ್ದರೆ.

ಆಕೆ ಗಾಜಿನ ಆಚೆಯಿಂದ ಕಂಡದ್ದು ನಿಜ. ನಾನು ಅವಳ ಅಪ್ಪನ ಮಂಚದ ಪಕ್ಕ ನಿಂತು, ಭುಜಗಳನ್ನು ಕಿವಿಯವರೆಗೂ ಎತ್ತಿ, ಕಣ್ಣು ಅಗಲಿಸಿ, ಹೊಟ್ಟೆಯನ್ನು ಒಳಗೂ ಹೊರಗೂ ಮಾಡುತ್ತಾ ಏದುಸಿರು ಬಿಡುತ್ತಿದ್ದೆ. ನೋಡಿದವರು ಯಾರಾದರೂ ಏನೆಂದುಕೊಳ್ಳಬೇಕು? ನಾನೇ ಆಕೆಯ ಜಾಗದಲ್ಲಿದ್ದರೆ ಕಾಲರ್‌ಗೆ ನಿಲ್ಲಿಸುತ್ತಿರಲಿಲ್ಲ.

ನನ್ನ ಕೆಲಸಕ್ಕೆ ಆಸ್ಪತ್ರೆಯ ಬೋರ್ಡಿನಲ್ಲಿ ಒಂದು ಉದ್ದನೆಯ ಹೆಸರಿದೆ. ವಾರ್ಡಿನಲ್ಲಿ ಎಲ್ಲರೂ ಕರೆಯುವುದು ವೆಂಟಿಲೇಟರ್ ಹುಡುಗ ಅಂತ. ಸ್ವಂತವಾಗಿ ಉಸಿರಾಡಲಾರದವರ ಗಂಟಲಿಗೆ ಡಾಕ್ಟರು ಕೊಳವೆ ಹಾಕುತ್ತಾರೆ. ಆ ಕೊಳವೆಗೆ ಮೆಷಿನ್ ಜೋಡಿಸಿ, ಎಷ್ಟು ಗಾಳಿ, ಎಷ್ಟು ಬೇಗ, ಎಷ್ಟು ಒತ್ತಡದಲ್ಲಿ ಎಂದು ಡಾಕ್ಟರು ಹೇಳಿದಂತೆ ಹೊಂದಿಸಿ, ಆಮೇಲೆ ಅದರ ಮುಂದೆ ಕಾವಲುನಾಯಿಯ ಹಾಗೆ ಕೂರುವವನು ನಾನು. ಇದು ಹೊಟ್ಟೆಪಾಡು. ಹುಟ್ಟುಗುಣ ಮಾತ್ರ ಅಣಕ. ಸ್ಕೂಲಿನಲ್ಲಿ ಹೆಡ್‌ಮಾಸ್ತರರ ಕೆಮ್ಮು, ಬಸ್ಸಿನಲ್ಲಿ ಕಂಡಕ್ಟರನ ಸೀಟಿ, ಈಗ ಮೆಷಿನ್ನಿನ ಅಲಾರಂ. ಒಮ್ಮೆ ಕ್ಯಾಂಟೀನಿನಲ್ಲಿ ನಾನು ಆ ಅಲಾರಂ ಕೂಗಿದೆ. ಎದುರಿಗಿದ್ದ ಸಿಸ್ಟರ್ ಅರ್ಧ ವಡೆ ಬಿಟ್ಟು ಓಡಿದರು. ವಡೆ ತಣ್ಣಗಾಗಬಾರದಲ್ಲ, ನಾನೇ ತಿಂದೆ. ಆ ಸಿಸ್ಟರ್ ಇವತ್ತಿಗೂ ನನ್ನ ಹತ್ತಿರ ಮಾತಾಡಿಲ್ಲ.

ಮಾತು ಅಣಕಿಸುವುದು ಸುಲಭ. ಉಸಿರು ಅಣಕಿಸುವುದು ಕಷ್ಟ. ಆದರೆ ಒಂದು ಸಲ ಕೈವಶವಾಯಿತೆಂದರೆ ಅದು ರೋಗಿಯ ಎದೆಯೊಳಗಿನ ಸುದ್ದಿಯನ್ನು ನನ್ನ ಎದೆಗೇ ತಂದುಬಿಡುತ್ತದೆ. ನ್ಯುಮೋನಿಯಾ ತುಂಬಿದವನ ಹಾಗೆ ಉಸಿರಾಡಿ ನೋಡಿ: ಚಿಕ್ಕ ಚಿಕ್ಕದು, ಚುರುಕು ಚುರುಕು. ಆ ಶ್ವಾಸಕೋಶ ಹೊಸ ಚರ್ಮದ ಚಪ್ಪಲಿಯಿದ್ದಂತೆ, ಬಗ್ಗುವುದಿಲ್ಲ. ಜೋರು ಮಾಡಿದರೆ ಕಿತ್ತುಹೋಗುತ್ತದೆ. ಅದಕ್ಕೆ ಮೆಷಿನ್ ಸ್ವಲ್ಪ ಸ್ವಲ್ಪವೇ ಗಾಳಿ ಕೊಡಬೇಕು, ಒಳಗಿನ ಚೀಲಗಳು ಪೂರ್ತಿ ಮುಚ್ಚಿಹೋಗದ ಹಾಗೆ ಕೊನೆಯಲ್ಲೂ ಒಂದಿಷ್ಟು ಒತ್ತಡ ಉಳಿಸಬೇಕು. ಕಟ್ಟುಹಾವು ಕಚ್ಚಿದವರದು ಬೇರೆ ಕಥೆ. ಶ್ವಾಸಕೋಶ ಚಿನ್ನದಂತಿರುತ್ತದೆ, ಎಳೆಯುವ ಸ್ನಾಯುಗಳೇ ಮಲಗಿಬಿಟ್ಟಿರುತ್ತವೆ. ಬಸ್ಸು ಸರಿ ಇದೆ, ಡ್ರೈವರಿಗೆ ನಿದ್ದೆ. ವಿಷ ಇಳಿಯುವವರೆಗೆ ಮೆಷಿನ್ ಸ್ಟೀರಿಂಗ್ ಹಿಡಿದರೆ ಸಾಕು.

ಮೂರನೆಯವರು ಬೀಡಿಯವರು. ಇವರದು ದಸರಾ ಸಂಜೆಯ ದೇವರಾಜ ಅರಸು ರಸ್ತೆ: ಒಳಕ್ಕೆ ನುಗ್ಗಬಹುದು, ಹೊರಕ್ಕೆ ದಾರಿಯಿಲ್ಲ. ಎಳೆದುಕೊಂಡ ಗಾಳಿ ಹೊರಗೆ ಹೋಗುವ ಮುಂಚೆಯೇ ಇನ್ನೊಂದು ಉಸಿರು ತಳ್ಳಿದರೆ ಗಾಳಿಯ ಮೇಲೆ ಗಾಳಿ ಕೂತು ಎದೆ ನಗಾರಿಯಂತೆ ಬಿಗಿಯುತ್ತದೆ, ರಕ್ತದೊತ್ತಡ ಕೆಳಗೆ ಜಾರುತ್ತದೆ. ಅದಕ್ಕೇ ಇವರಿಗೆ ಕಡಿಮೆ ಉಸಿರು ಕೊಡಬೇಕು, ಹೊರಗೆ ಬಿಡಲು ಧಾರಾಳ ಸಮಯ ಕೊಡಬೇಕು.

ಇದನ್ನೆಲ್ಲ ನಾನು ಬುಸುಬುಸು ಮಾಡಿ ಕಂಡುಕೊಳ್ಳುವಷ್ಟರಲ್ಲಿ ನಮ್ಮ ಐಸಿಯು ಡಾಕ್ಟರು ಮೆಷಿನ್ನಿನ ಪರದೆಯ ಗೆರೆಗಳನ್ನು ಒಂದು ಸಲ ನೋಡಿ ಅದೇ ಉತ್ತರ ಹೇಳಿ, ಮುಂದಿನ ಮಂಚಕ್ಕೆ ಹೋಗಿ ಆಗಿರುತ್ತದೆ. ಅದು ನನಗೆ ಉರಿ. ಅವರ ಮುತ್ತಾತ ಅರಮನೆಯ ಮಕ್ಕಳಿಗೆ ಪಾಠ ಹೇಳುತ್ತಿದ್ದರಂತೆ. ಮರಿಮಗಳು ಇನ್ನೂ ಪಾಠ ನಿಲ್ಲಿಸಿಲ್ಲ. ಸಮಾಧಾನದಲ್ಲಿದ್ದಾಗ ನನ್ನನ್ನು "ನೀನು" ಎನ್ನುತ್ತಾರೆ. ಸಿಟ್ಟು ಬಂದರೆ "ನೀವು". ಆ ಬಹುವಚನ ಕೇಳಿದರೆ ನಾನು ಬಾಗಿಲು ಎಲ್ಲಿದೆ ಎಂದು ನೋಡಿಕೊಳ್ಳುತ್ತೇನೆ.

ಕಾಲರ್ ಪ್ರಕರಣ ಮುಗಿದ ಕೂಡಲೇ ಬಹುವಚನ ಶುರುವಾಯಿತು.

"ನೀವು ಆ ಬೆಡ್ ಹತ್ತಿರ ಸುಳಿಯಬೇಡಿ."

"ಮೇಡಂ, ಅವರಿಗೆ ಗಾಳಿ ಹೊರಗೆ ಪೂರ್ತಿ ಹೋಗ್ತಿಲ್ಲ, ನಾನು ಮಾಡಿ ನೋಡ್ದಾಗ…"

"ನನಗೆ ಗೊತ್ತು. ಪರದೆಯಲ್ಲಿ ಕಾಣುತ್ತೆ. ಅದಕ್ಕೆ ನೀವು ಕುಣಿಯಬೇಕಾಗಿಲ್ಲ. ಇದು ಐಸಿಯು, ಕಂಪನಿ ನಾಟಕ ಅಲ್ಲ."

ಪಿ.ಟಿ. ಟೀಚರ್ ಪಕ್ಕದಲ್ಲೇ ಕೈಕಟ್ಟಿ ನಿಂತಿದ್ದಳು. ಡಾಕ್ಟರಿಗೆ ನನ್ನ ಮೇಲೆ ಇಷ್ಟು ಸಿಟ್ಟಿದೆಯೆಂದು ಕಂಡು ಆಕೆಗೆ ಒಂದಿಷ್ಟು ತೃಪ್ತಿಯಾದಂತಿತ್ತು. ಸಿಟ್ಟಿನಲ್ಲಿ ಇಬ್ಬರೂ ಒಂದಾಗಿದ್ದರು, ಬೇರೆ ಯಾವುದರಲ್ಲೂ ಅಲ್ಲ. ಯಾಕೆಂದರೆ ಆಮೇಲೆ ಡಾಕ್ಟರು ಆಕೆಗೆ ಹೇಳಿದ ಸುದ್ದಿ ನನ್ನ ಅಣಕಕ್ಕಿಂತ ಕೆಟ್ಟದಾಗಿತ್ತು.

ಆಕೆಯ ಅಪ್ಪನೂ ಬೀಡಿಯವರೇ; ವಾರ್ಡಿನಲ್ಲಿ ನಾವು ಅವರನ್ನು ಯಜಮಾನರು ಎನ್ನುತ್ತಿದ್ದೆವು. ಅವರನ್ನು ಮೆಷಿನ್ನಿನಿಂದ ಬಿಡಿಸುವ ಮೊದಲ ಪರೀಕ್ಷೆ ಹಿಂದಿನ ದಿನವೇ ಆಗಿತ್ತು. ಪರೀಕ್ಷೆ ಅಂದರೆ, ಮೆಷಿನ್ನಿನ ಸಹಾಯವನ್ನು ಬಹಳ ತಗ್ಗಿಸಿ, 'ಇನ್ನು ನೀವೇ ಎಳೆದುಕೊಳ್ಳಿ ಸ್ವಾಮಿ' ಎಂದು ಬಿಟ್ಟು ನೋಡುವುದು. ಯಜಮಾನರು ಸ್ವಲ್ಪ ಹೊತ್ತು ಚೆನ್ನಾಗಿಯೇ ಎಳೆದರು, ಆಮೇಲೆ ಗಾಬರಿಗೆ ಬಿದ್ದರು. ಗಾಬರಿಗೆ ಉಸಿರು ಚುರುಕಾಯಿತು, ಚುರುಕಾದಷ್ಟೂ ಹೊರಗೆ ಹೋಗುವ ಗಾಳಿ ಒಳಗೇ ಉಳಿಯಿತು, ಉಳಿದಷ್ಟೂ ಗಾಬರಿ. ಡಾಕ್ಟರು ಮೆಷಿನ್ನನ್ನು ಮೊದಲಿನ ಹಾಗೆ ಮಾಡಬೇಕಾಯಿತು. ಈಗ ಇನ್ನೊಂದು ಪರೀಕ್ಷೆ ಬಾಕಿ. ಅದರಲ್ಲೂ ಫೇಲಾದರೆ ಕೊಳವೆಯನ್ನು ಬಾಯಿಂದ ತೆಗೆದು ಕತ್ತಿನಲ್ಲಿ ಚಿಕ್ಕ ರಂಧ್ರ ಮಾಡಿ ಅಲ್ಲಿಂದ ಹಾಕಬೇಕಾಗುತ್ತದೆ, ಅದು ಶಾಶ್ವತವೇನಲ್ಲ, ಆದರೆ ಅದು ಇರುವವರೆಗೆ ಮಾತು ಬರುವುದಿಲ್ಲ, ಆಮೇಲೆ ಧ್ವನಿ ಹೇಗಿರುತ್ತದೋ ಈಗಲೇ ಹೇಳಲಾಗುವುದಿಲ್ಲ ಎಂದರು ಡಾಕ್ಟರು.

"ಧ್ವನಿ ಹೋಗುತ್ತೆ ಅಂತಲಾ ನೀವು ಹೇಳ್ತಿರೋದು?"

"ಹೋಗುತ್ತೆ ಅಂತಲ್ಲಮ್ಮ. ಹೋಗಲ್ಲ ಅಂತ ಮಾತು ಕೊಡಲಾರೆ ಅಂತ."

"ನಮ್ಮಪ್ಪ ಏನು ಕೆಲಸ ಮಾಡ್ತಾರೆ ಗೊತ್ತೇನ್ರೀ ನಿಮಗೆ? ಹರಾಜು ಕೂಗ್ತಾರೆ! ಬಾಯಿ ಒಂದೇ ಅವರ ಆಸ್ತಿ. ಅದನ್ನೇ ಕೊಯ್ದುಹಾಕಿ ಉಳಿಸಿದೀವಿ ಅಂತೀರಾ?"

"ಮೊದಲು ಉಸಿರು ಉಳಿಯಲಿ."

"ಅವರಿಗೆ ಎರಡೂ ಒಂದೇ ಕಣ್ರೀ!"

ಗಾಜಿನ ಬಾಗಿಲು ಅರ್ಧ ತೆರೆದಿತ್ತು. ಯಜಮಾನರು ಎಚ್ಚರವಾಗಿಯೇ ಇದ್ದರು. ಬಾಯಲ್ಲಿ ಕೊಳವೆ, ಎರಡೂ ಕೈಗೆ ಬಟ್ಟೆಯ ಕಟ್ಟು. ಇಲ್ಲದಿದ್ದರೆ ಬಂದ ಮೊದಲ ದಿನವೇ ಅದನ್ನು ಕಿತ್ತೆಸೆದು, ಕೈಗೆ ಸಿಕ್ಕಿದ್ದರೆ ನನ್ನನ್ನೂ ಕಿತ್ತೆಸೆಯುತ್ತಿದ್ದರು. ಮಗಳ ಮಾತು ಕೇಳಿಸಿತೆನ್ನುವುದು ಅವರ ಕಣ್ಣಿನಲ್ಲೇ ತಿಳಿಯುತ್ತಿತ್ತು. ಮಂಚದ ಕಂಬಿಯನ್ನು ಬೆರಳಿನ ಗೆಣ್ಣಿನಿಂದ ಒಂದೇ ಸಮನೆ ಬಡಿಯತೊಡಗಿದರು. ಇಲ್ಲ, ಇಲ್ಲ, ಇಲ್ಲ.

ಆ ಸಂಜೆ ಅಶೋಕಪುರಂನ ನಮ್ಮ ಮನೆಯಲ್ಲಿ ಅವ್ವ ಮಾರನೆಯ ದಿನದ ವ್ಯಾಪಾರಕ್ಕೆ ಸೊಪ್ಪಿನ ಕಟ್ಟುಗಳನ್ನು ಗೋಣಿಬಟ್ಟೆಯಲ್ಲಿ ಸುತ್ತುತ್ತಿದ್ದಳು. ಅವ್ವನದು ತಳ್ಳುಗಾಡಿ. ಸೊಪ್ಪು, ನಿಂಬೆಹಣ್ಣು, ಹಸಿಮೆಣಸಿನಕಾಯಿ. ನಾನು ಆ ದಿನದ ನನ್ನ ಅವಮಾನವನ್ನೆಲ್ಲ ಅಣಕದಲ್ಲಿ ಮಾಡಿ ತೋರಿಸಿದೆ: ಡಾಕ್ಟರ ಬಹುವಚನ, ಟೀಚರಿನ ಮುಷ್ಟಿ, ನನ್ನ ಕಾಲರ್. ಅವ್ವ ಕೈ ನಿಲ್ಲಿಸಲಿಲ್ಲ. ರೋಗಿ ಹರಾಜು ಕೂಗುವವರು, ಮನೆ ಮಂಡಿ ಮೊಹಲ್ಲಾದಲ್ಲಿ ಎಂದು ನಾನು ಅಂದಾಗ ಮಾತ್ರ ಕಟ್ಟು ಕೆಳಗಿಟ್ಟಳು.

"ಎತ್ತರಕ್ಕೆ, ಕೆಂಪು ಟವಲ್ಲು, ನಿಂಬೆಹಣ್ಣಿನ ಕಟ್ಟೆ?"

"ಟವಲ್ಲು ನಾನು ನೋಡಿಲ್ಲವ್ವ. ಈಗ ಅವರ ಮೈಮೇಲೆ ಆಸ್ಪತ್ರೆ ಗೌನು."

"ಅವ್ನೇ ಬುಡು. ಆ ಬಾಯಿಬಡುಕ." ಅವ್ವನ ಬಾಯಿಂದ ಅಷ್ಟು ಖಾರ ನಾನು ಎಂದೂ ಕೇಳಿರಲಿಲ್ಲ, ಮೆಣಸಿನಕಾಯಿ ಮಾರುವವಳಾದರೂ. "ಎಷ್ಟು ಜನದ ಹೊಟ್ಟೆ ಉರ್ಸವ್ನೆ ಗೊತ್ತಾ ಅವ್ನು?"

ಚಿಕ್ಕವನಿದ್ದಾಗ ಚೀಲ ಹಿಡಿದು ನಾನೂ ಅಲ್ಲಿ ನಿಂತಿದ್ದೆ; ಕೂಗು ಕಿವಿಗೆ ಬಿದ್ದಿತ್ತು, ಮುಖವೂ ಲೆಕ್ಕವೂ ನೆನಪಿರಲಿಲ್ಲ. ಆಗ ಅವ್ವ ಹೇಳಿದ್ದು ಮಾರುಕಟ್ಟೆಯ ಆ ಹರಾಜು ಕಟ್ಟೆಯ ಪದ್ಧತಿ. ಅಲ್ಲಿ ಒಂದು ಸಲ, ಎರಡು ಸಲ, ಮೂರು ಸಲ ಎಂದು ಎಣಿಸುವ ಗೋಜಿಲ್ಲ. ಕೂಗುವವನು ಒಂದೇ ಉಸಿರಿನಲ್ಲಿ ಕೂಗುತ್ತಾ ಹೋಗುತ್ತಾನೆ. ಎಲ್ಲಿಯವರೆಗೆ ಅವನು ಉಸಿರು ಬಿಡುತ್ತಿರುತ್ತಾನೋ ಅಲ್ಲಿಯವರೆಗೆ ಬೆಲೆ ಏರಿಸಬಹುದು. ಅವನು ಉಸಿರೆಳೆದನೋ, ಮಾಲು ಕೊನೆಗೆ ಕೂಗಿದವರಿಗೆ ಬಿದ್ದಂತೆ. ಆಮೇಲೆ ಯಾರು ಏನು ಅರಚಿದರೂ ಇಲ್ಲ.

"ರೈತರು ನಿಂತಿದ್ರೆ ಎಮ್ಮೆ ಥರ ದಮ್ಮು ಹಿಡಿದು ಕೂಗ್ತಾನೇ ಇರೋನು, ಬೆಲೆ ಏರಲಿ ಅಂತ. ನಾವು ಗಾಡಿಯೋರು ಒಂದು ರೂಪಾಯಿ ಏರಿಸೋಕೆ ಬಾಯಿ ತೆಗೆಯೋ ಅಷ್ಟರಲ್ಲಿ ದೊಡ್ಡ ಅಂಗಡಿಯೋರ ಮುಖ ನೋಡಿ ಉಸಿರೆಳುದ್ಬುಡೋನು. ಒಂದು ದಿನಕ್ಕಾದ್ರೂ ನನ್ನ ಕಡೆ ಮುಖ ಮಾಡಿ ಉಸಿರೆಳೆದಿದ್ದಾನಾ ಕೇಳು!"

"ಈಗ ಉಸಿರು ಎಳೆಯೋಕೂ ಆಗ್ತಿಲ್ಲ, ಬಿಡೋಕೂ ಆಗ್ತಿಲ್ಲವ್ವ."

ಅವ್ವ ಕಟ್ಟನ್ನು ಮತ್ತೆ ಎತ್ತಿಕೊಂಡಳು. "ಹೋದ ವರ್ಷವೇ ಶುರುವಾಗಿತ್ತು ಅದು. ಅರ್ಧಕ್ಕೇ ದಮ್ಮು ಕಟ್ಟೋದು. ಬೆಲೆ ಏರೋ ಮುಂಚೆನೇ ಮಾಲು ಬೀಳೋದು. ರೈತರು ಉಗೀತಿದ್ರು. ಅಂಗಡಿಯೋರು ಅಗ್ಗಕ್ಕೆ ಎತ್ಕೋತಿದ್ರು, ನಾವು ನಿಂತು ನಗ್ತಿದ್ವಿ." ಕಟ್ಟನ್ನು ಗೋಣಿಬಟ್ಟೆಯೊಳಗೆ ಸೇರಿಸಿ, "ಸಾಯೋದೇನೂ ಬ್ಯಾಡ," ಎಂದಳು. "ಸಾಯ್ಲಿ ಅಂತ ನಾನು ಅಂದಿಲ್ಲ. ಅವನ ಮಗಳು ನಿನ್ನ ಕಾಲರ್ ಹಿಡಿದಿದ್ದು ತಪ್ಪು. ನಿನಗೆ ನಾಲ್ಕು ಬಾರಿಸಬೇಕಿತ್ತು."

ಎರಡನೆಯ ಪರೀಕ್ಷೆ ಮಾರನೆಯ ದಿನವೇ, ಬೆಳಗಿನ ರೌಂಡ್ಸ್ ಮುಗಿದ ಮೇಲೆ. ಡಾಕ್ಟರು ಸಿದ್ಧತೆಯಲ್ಲಿ ಏನೂ ಬಾಕಿ ಇಟ್ಟಿರಲಿಲ್ಲ. ಶ್ವಾಸನಾಳ ಸಡಿಲಿಸುವ ಔಷಧಿಯ ಹಬೆ ಕೊಟ್ಟು, ಕಫ ತೆಗೆಸಿ, ಮಲಗಿದ್ದವರನ್ನು ಕೂತ ಹಾಗೆ ಎತ್ತಿ ಒರಗಿಸಿ, ಕೈಯ ಕಟ್ಟು ಬಿಚ್ಚಿಸಿದ್ದರು. ಗಾಬರಿಯಾಗದಿರಲಿ ಎಂದು ಮಗಳನ್ನೂ ಒಳಗೆ ಬಿಟ್ಟಿದ್ದರು. ನನಗೆ ಮಾತ್ರ ನಿಷೇಧ. ನಾನು ಪಕ್ಕದ ಮಂಚದ ಹತ್ತಿರ, ಹಾವು ಕಚ್ಚಿದ ಹೆಂಗಸಿನ ಮೆಷಿನ್ ನೋಡಿಕೊಳ್ಳುತ್ತಿದ್ದೆ. ಆಕೆಗೆ ಆಗಲೇ ಸ್ವಲ್ಪ ಸ್ವಲ್ಪ ಶಕ್ತಿ ಮರಳುತ್ತಿತ್ತು. ಬೆರಳು ಆಡಿಸುತ್ತಿದ್ದಳು, ರೆಪ್ಪೆ ಇನ್ನೂ ಅರ್ಧವೇ ಏಳುತ್ತಿತ್ತು. ಎಲ್ಲವೂ ಕೇಳಿಸುತ್ತಿತ್ತು. ಇಡೀ ಐಸಿಯುವಿನಲ್ಲಿ ನನ್ನ ಮೇಲೆ ಸಿಟ್ಟಿಲ್ಲದ ಒಬ್ಬಳೇ ಅವಳು, ಅದೂ ಮಾತಾಡಲು ಆಗುತ್ತಿರಲಿಲ್ಲ ಅಂತ.

ಡಾಕ್ಟರು ಸಹಾಯ ತಗ್ಗಿಸಿದರು. ಯಜಮಾನರು ಎಳೆದರು, ಬಿಟ್ಟರು. ಎಳೆದರು, ಬಿಟ್ಟರು. ನಾನು ಬೆನ್ನು ಮಾಡಿಕೊಂಡಿದ್ದರೂ ಕಿವಿ ಅಲ್ಲೇ ಇತ್ತು. ಮೊದಮೊದಲು ಚೆನ್ನಾಗಿತ್ತು. ಆಮೇಲೆ ಬಿಡುವ ಉಸಿರು ಒಂದೊಂದು ಎಳೆ ಕಡಿಮೆಯಾಗುತ್ತಾ ಬಂತು. ಅದರ ತುದಿ ಕತ್ತರಿಸಿ, ಮುಂದಿನದು ಅದರ ಬೆನ್ನೇರತೊಡಗಿತು. ನನ್ನ ಎದೆ ತಾನಾಗಿಯೇ ಅದನ್ನು ಅನುಕರಿಸತೊಡಗಿತು; ನನಗೇ ಉಬ್ಬಸ ಬಂದಂತಾಯಿತು.

"ನಿಧಾನ. ಉಸಿರನ್ನ ಪೂರ್ತಿ ಹೊರಗೆ ಬಿಡಿ. ಅವಸರ ಬೇಡ," ಎಂದರು ಡಾಕ್ಟರು. ಅವರ ಧ್ವನಿ ತಣ್ಣಗೆ, ಸರಿಯಾಗಿಯೇ ಇತ್ತು.

ಕೆಡಿಸಿದ್ದು ಮಗಳು. ಅಪ್ಪನ ಕಣ್ಣಿನಲ್ಲಿ ಗಾಬರಿ ನೋಡಿದ್ದೇ ಆಕೆಗೆ ಶಾಲೆಯ ಮೈದಾನ ನೆನಪಾಯಿತು. "ಅಪ್ಪಾ, ನನ್ನ ಜೊತೆ! ಒನ್, ಟೂ! ಒನ್, ಟೂ! ಬಿಡ್ಬೇಡಿ, ಇನ್ನೂ ಜೋರು!" ಎಂದು ಡ್ರಿಲ್ ಶುರುಮಾಡಿಯೇಬಿಟ್ಟಳು. ಪಾಪ, ಪ್ರೀತಿಯಿಂದಲೇ. ಯಜಮಾನರು ಮಗಳ ತಾಳಕ್ಕೆ ಓಡತೊಡಗಿದರು. ಬೀಡಿಯ ಎದೆಗೆ ಓಟದ ತಾಳ! ನಾನು ತಿರುಗಿ ನೋಡಿದೆ. ಭುಜಗಳು ಕಿವಿಗೇರಿದ್ದವು. ಪರದೆಯ ಮೇಲೆ ಬಿಡುವ ಉಸಿರಿನ ಗೆರೆ ತಳ ಮುಟ್ಟುವ ಮುಂಚೆಯೇ ಮೇಲಕ್ಕೆ ಜಿಗಿಯತೊಡಗಿತು.

"ಅಮ್ಮ, ಸ್ವಲ್ಪ ಸುಮ್ಮನಿರಿ," ಎಂದರು ಡಾಕ್ಟರು.

"ನೀವು ಸುಮ್ಮನಿರಿ! ನಮ್ಮಪ್ಪ ನನ್ನ ಮಾತು ಕೇಳ್ತಾರೆ!"

ಡಾಕ್ಟರ ಕೈ ಮೆಷಿನ್ನಿನ ಕಡೆ ಹೋಯಿತು. ಮೊದಲಿನಂತೆ ಮಾಡಿಬಿಟ್ಟರೆ ಮುಗಿಯಿತು. ಪರೀಕ್ಷೆ ಫೇಲಾದಂತೆ, ಕತ್ತಿಗೆ ರಂಧ್ರ ನಿಶ್ಚಯವಾದಂತೆ. ಯಜಮಾನರಿಗೂ ಅದು ಗೊತ್ತಿತ್ತು. ಡಾಕ್ಟರ ಕೈಯನ್ನೇ ನೋಡುತ್ತಿದ್ದರು.

ನಾನು ಯೋಚನೆ ಮಾಡಿ ಏನೂ ಮಾಡಲಿಲ್ಲ. ಯೋಚನೆ ಮಾಡುವ ಅಭ್ಯಾಸವಿದ್ದಿದ್ದರೆ ನನ್ನ ಮೇಲೆ ಇಷ್ಟು ಜನಕ್ಕೆ ಸಿಟ್ಟು ಬರುತ್ತಿರಲಿಲ್ಲ. ಚಿಕ್ಕವನಿದ್ದಾಗ ಅವ್ವನ ಚೀಲ ಹಿಡಿದು ಆ ಕಟ್ಟೆಯ ಮುಂದೆ ಎಷ್ಟೋ ಬೆಳಗ್ಗೆ ನಿಂತಿದ್ದೆನಲ್ಲ, ಆ ಕೂಗು ನನ್ನೊಳಗೆ ಎಲ್ಲೋ ಉಳಿದಿತ್ತು. ಹಾವು ಕಚ್ಚಿದವಳ ಮಂಚದ ಪಕ್ಕ ನಿಂತೇ, ಮೂಗಿನಿಂದ, ಗೊಗ್ಗರು ಗಂಟಲಿನಿಂದ, ಬಾಯಿಯ ಒಂದು ಪಕ್ಕದಿಂದ ಶುರುಮಾಡಿಬಿಟ್ಟೆ:

"ಬಂತು ಬಂತು ನಿಂಬೆ ಬಂತು, ತೆಳು ಸಿಪ್ಪೆ ತುಂಬು ರಸ, ಐನೂರು ಐನೂರು, ಐನೂರಹತ್ತು ಹಿಂದಿನೋರು, ಐನೂರಿಪ್ಪತ್ತು ಟೋಪಿಯೋರು, ಟೋಪಿಯೋರದು ಐನೂರಿಪ್ಪತ್ತು, ಯಾಕಣ್ಣ ಸುಮ್ಕೆ ನಿಂತೆ, ಹುಳಿ ಆಗೋಕೆ ನಿಂಬೆ ಕೇಳ್ತದಾ ನಿನ್ನ…"

ಇಡೀ ಐಸಿಯು ತಿರುಗಿ ನೋಡಿತು. ಅರ್ಧ ವಡೆಯ ಸಿಸ್ಟರ್ ಕೈಯಲ್ಲಿದ್ದ ಸಿರಿಂಜು ಹಾಗೇ ನಿಂತಿತು. ಮಗಳು ಬಾಯಿ ತೆರೆದಳು, ಈ ಸಲ ಕಾಲರ್ ಅಲ್ಲ ಕತ್ತೇ ಹಿಡಿಯುತ್ತಾಳೆ ಎಂದುಕೊಂಡೆ.

ಅಷ್ಟರಲ್ಲಿ ನನ್ನ ದಮ್ಮು ಮುಗಿಯಿತು. ಬೀಡಿ ಸೇದದ, ಪ್ರಾಯದ, ಎರಡು ಒಳ್ಳೆಯ ಶ್ವಾಸಕೋಶಗಳ ನಾನು ಅಲ್ಲಿಗೇ ಖಾಲಿ. ಬಾಯಿ ತೆರೆದು ಗಬಕ್ಕನೆ ಉಸಿರೆಳೆದೆ. ಟೋಪಿಯವರ ಐನೂರಿಪ್ಪತ್ತಕ್ಕೇ, ಇನ್ನೂ ಏರಬೇಕಾಗಿದ್ದ ಮಾಲು, ಅರ್ಧ ದಾರಿಯಲ್ಲಿ ಬಿದ್ದುಹೋಯಿತು.

ಯಜಮಾನರ ಮುಖ ನೋಡಬೇಕಿತ್ತು. ಆ ಕಣ್ಣಿನಲ್ಲಿದ್ದ ಸಾವಿನ ಭಯ ಒರೆಸಿದ ಹಾಗೆ ಹೋಯಿತು. ಅದರ ಜಾಗದಲ್ಲಿ ಬಂದದ್ದು ಶುದ್ಧ ತಾತ್ಸಾರ. ಮೈಸೂರಿನ ಯಾವುದೋ ಕಡ್ಡಿ ಹುಡುಗ ತನ್ನ ಕೂಗನ್ನು ಅಷ್ಟು ಕೆಟ್ಟದಾಗಿ ಕೂಗಿದನಲ್ಲ, ನಿಂಬೆಯನ್ನು ಐನೂರಿಪ್ಪತ್ತಕ್ಕೆ ಬಿಟ್ಟುಕೊಟ್ಟನಲ್ಲ ಎನ್ನುವ ತಾತ್ಸಾರ. ಬಲಗೈ ಎತ್ತಿ ನನ್ನ ಕಡೆ ಬೀಸಿದರು, ನಾಯಿ ಓಡಿಸುವ ಹಾಗೆ. ಆಮೇಲೆ ಕಂಬಿಯ ಮೇಲೆ ಗೆಣ್ಣು ಬಡಿದರು, ಈ ಸಲ 'ಇಲ್ಲ' ಎಂದಲ್ಲ. ತಾಳ ಹಾಕುತ್ತಿದ್ದರು. ಹೀಗೆ ಕಣೋ ಕೂಗೋದು.

ಕೊಳವೆ ಗಂಟಲಿನಲ್ಲಿದ್ದಾಗ ಸದ್ದು ಬರುವುದಿಲ್ಲ. ಆದರೂ ಅವರು ಹರಾಜು ಕೂಗಿದರು. ಕೊಳವೆಯ ಸುತ್ತ ತುಟಿ ಅಲುಗುತ್ತಿತ್ತು, ಗೆಣ್ಣು ಬೆಲೆ ಏರಿಸುತ್ತಿತ್ತು, ಉಸಿರು ಹೊರಗೆ ಹೋಗುತ್ತಲೇ ಇತ್ತು. ತೆಳ್ಳಗೆ, ಹಟದಿಂದ, ಉದ್ದಕ್ಕೆ. ಪರದೆಯ ಗೆರೆ ಇಳಿಯುತ್ತಾ ಇಳಿಯುತ್ತಾ ತಳ ಮುಟ್ಟಿತು. ಆಮೇಲೆ ಅವರು ಉಸಿರೆಳೆದರು, ಚಿಕ್ಕದಾಗಿ, ಮೂಗೇರಿಸಿ, ಯಾರಿಗೋ ಮಾಲು ಕೊಟ್ಟ ದರ್ಪದಲ್ಲಿ.

ಡಾಕ್ಟರು ಕೈ ಹಿಂದಕ್ಕೆ ತೆಗೆದುಕೊಂಡರು. ಪರದೆಯಿಂದ ಕಣ್ಣು ತೆಗೆಯದೆ, "ನೀನು," ಎಂದರು, "ನಿಲ್ಲಿಸಬೇಡ."

ಏಕವಚನ! ನಾನು ಇನ್ನೊಂದು ಲಾಟು ಶುರುಮಾಡಿದೆ. ಮತ್ತೆ ಅರ್ಧಕ್ಕೇ ದಮ್ಮು ಕಟ್ಟಿತು. ಯಜಮಾನರು ಮತ್ತೆ ಕೈ ಬೀಸಿದರು, ಮತ್ತೆ ತೋರಿಸಿಕೊಟ್ಟರು. ಹೀಗೇ ನಡೆಯಿತು, ನಾನು ಕೆಡಿಸುವುದು, ಅವರು ಉಗಿದು ತಿದ್ದುವುದು. ಮಗಳ ಡ್ರಿಲ್ ನಿಂತುಹೋಗಿತ್ತು. ಆಕೆ ನನ್ನ ಕಡೆ ನೋಡುತ್ತಿದ್ದ ರೀತಿಯಲ್ಲಿ ಸ್ನೇಹವೇನೂ ಇರಲಿಲ್ಲ, ಆದರೆ ಮುಷ್ಟಿ ಬಿಚ್ಚಿತ್ತು. "ಥೂ, ಅಪ್ಪ ಇಷ್ಟು ಕೆಟ್ಟದಾಗಿ ಯಾವತ್ತೂ ಕೂಗಿಲ್ಲ," ಎಂದಳು ನನಗೆ ಕೇಳುವ ಹಾಗೆ. ಹಾವು ಕಚ್ಚಿದವಳ ಹೊಟ್ಟೆ ಅಲುಗಿ ಅವಳ ಮೆಷಿನ್ ಅಲಾರಂ ಹೊಡೆಯಿತು. ನೋಡಿದರೆ ಏನೂ ತೊಂದರೆಯಿಲ್ಲ, ನಕ್ಕಿದ್ದಳು.

ಪರೀಕ್ಷೆಯ ಅವಧಿ ಮುಗಿದ ಮೇಲೆ ಡಾಕ್ಟರು ರಕ್ತ ತೆಗೆಸಿ ನೋಡಿದರು, ಎದೆಗೆ ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು, ಕೆಮ್ಮಿಸಿದರು. ಆಮೇಲೆ ಕೊಳವೆ ತೆಗೆದರು. ತೆಗೆದ ಕೂಡಲೇ ಬಿಗಿಯಾದ ಮಾಸ್ಕ್ ಹಾಕುವ ಕೆಲಸ ನನ್ನದು. ಇಂಥವರಿಗೆ ಕೊಳವೆ ಹೋದರೂ ಕೆಲವು ದಿನ ಮಾಸ್ಕಿನಿಂದ ಮೆಷಿನ್ನಿನ ಊರೆಗೋಲು ಬೇಕು. ಮಗಳು ಒಂದು ಹೆಜ್ಜೆ ಹಿಂದೆ ಸರಿದು ದಾರಿ ಬಿಟ್ಟಳು. ನಾನು ಮಾಸ್ಕ್ ಹಿಡಿದು ಬಗ್ಗಿದಾಗ ಯಜಮಾನರ ತುಟಿ ಅಲುಗಿತು. ಎಲ್ಲರೂ ಉಸಿರು ಬಿಗಿಹಿಡಿದೆವು. ಅವರ ಧ್ವನಿ ಉಳಿದಿದೆಯೋ ಇಲ್ಲವೋ ತಿಳಿಯುವ ಗಳಿಗೆ ಅದು.

ಬಂದದ್ದು ಒಣಗಿದ ಎಲೆ ಕೆರೆದಂಥ ಸದ್ದು.

"ಬೇ… ವರ್ಸಿ. ಅರ್ಧಕ್ಕೇ… ಉಸಿರೆಳುದ್ಬುಟ್ಟೆ."

"ಅಪ್ಪಾ!" ಎಂದಳು ಮಗಳು. ಅಳುತ್ತಿದ್ದಳು.

"ಇವ್ನನ್ನ… ಆಚೆ… ಕಳ್ಸು."

ನಾನು ಮಾಸ್ಕ್ ಹಾಕಿ ಪಟ್ಟಿ ಬಿಗಿದೆ. ಬೇಕಾದ್ದಕ್ಕಿಂತ ಒಂದು ಎಳೆ ಬಿಗಿಯಾಗಿಯೇ, ಅಂದುಕೊಳ್ಳುವುದಾದರೆ ಅಂದುಕೊಳ್ಳಿ, ಗಾಳಿ ಸೋರಬಾರದಲ್ಲ.

ಹೊರಗೆ ಕಾರಿಡಾರಿನಲ್ಲಿ ಡಾಕ್ಟರು ಕೈ ತೊಳೆಯುತ್ತಾ, "ನಿನ್ನ ಕೂಗಿನಿಂದ ಆಯಿತು ಅಂತ ಊರೆಲ್ಲ ಸಾರಿಕೊಂಡು ಬರಬೇಡ. ಎರಡು ದಿನದಿಂದ ಕೊಟ್ಟ ಔಷಧಿ ಕೆಲಸ ಮಾಡಿದೆ. ಒರಗಿಸಿ ಕೂರಿಸಿದ್ದು ಕೆಲಸ ಮಾಡಿದೆ. ಗಾಬರಿ ಒಂದು ಕಮ್ಮಿಯಾಗಬೇಕಿತ್ತು, ಅಷ್ಟೆ," ಎಂದರು.

"ಅಷ್ಟೇ ಮೇಡಂ."

"ಇನ್ನೊಂದು ಸಲ ಐಸಿಯುವಿನಲ್ಲಿ ನಿಂಬೆಹಣ್ಣು ಮಾರಿದರೆ ನಾನು ಸುಮ್ಮನಿರುವುದಿಲ್ಲ. ತಿಳಿಯಿತಾ ನಿಮಗೆ?"

ಬಹುವಚನ ವಾಪಸು ಬಂತು. ಅವರು ಹೇಳಿದ್ದು ಸರಿ ಎಂದು ನನಗೆ ಆಗಲೂ ಗೊತ್ತಿತ್ತು, ಈಗಲೂ ಗೊತ್ತು. ಅದಕ್ಕೇ ಅವರನ್ನು ಅಣಕಿಸುವುದನ್ನು ನಾನು ಇನ್ನೂ ನಿಲ್ಲಿಸಿಲ್ಲ.

ಯಜಮಾನರು ವಾರ್ಡಿಗೆ ಹೋದರು, ವಾರ್ಡಿನಿಂದ ಮನೆಗೆ ಹೋದರು. ಹೋಗುವಾಗ ನನ್ನ ಕಡೆ ತಿರುಗಿ ಕೂಡ ನೋಡಲಿಲ್ಲ. ಮಗಳು ನೋಡಿದಳು. "ಕಾಲರ್ ಹರೀತಾ?" ಎಂದು ಕೇಳಿದಳು. "ಇಲ್ಲ ಮೇಡಂ, ಗಟ್ಟಿ ಬಟ್ಟೆ," ಎಂದೆ. "ನಾನು ಇನ್ನೂ ಸರಿಯಾಗಿ ಹಿಡೀಬೇಕಿತ್ತು," ಎಂದು ಹೋದಳು.

ಕೆಲವು ತಿಂಗಳ ಮೇಲೆ ಒಂದು ರಜೆಯ ದಿನ ಬೆಳಗ್ಗೆ ಅವ್ವನ ಮಂಡಿ ನೋಯುತ್ತಿದೆಯೆಂದು ಚೀಲ ಹೊರಲು ನಾನೂ ಮಾರುಕಟ್ಟೆಗೆ ಹೋದೆ. ನಿಂಬೆಯ ಕಟ್ಟೆಯ ಮೇಲೆ ಯಾರೋ ಹೊಸಬ ಕೂಗುತ್ತಿದ್ದ. ಅವನ ಕಾಲ ಬಳಿ, ಮೂಟೆಗಳ ಮೇಲೆ, ಕೆಂಪು ಟವಲ್ಲು ಹೆಗಲಿಗೆ ಹಾಕಿಕೊಂಡು ಯಜಮಾನರು ಕೂತಿದ್ದರು. ಜೇಬಿನಲ್ಲಿ ಬೀಡಿಕಟ್ಟು ಇರಬೇಕಾದ ಕಡೆ ಇನ್‌ಹೇಲರ್ ಇಣುಕುತ್ತಿತ್ತು. ಧ್ವನಿ ಮರಳಿತ್ತು, ಕೂಗುವ ದಮ್ಮು ಮರಳಿರಲಿಲ್ಲ. ಅದು ಮರಳುವಂಥದ್ದೂ ಅಲ್ಲ. ಹೊಸಬ ಪ್ರತಿ ಲಾಟು ಮುಗಿಸಿದಾಗಲೂ ಕೆಳಗಿನಿಂದ ಅವನನ್ನು ಬಯ್ಯುವುದು ಅವರ ಈಗಿನ ಉದ್ಯೋಗವಿದ್ದಂತಿತ್ತು.

ನನ್ನನ್ನು ಕಂಡರು. ಮುಖ ಅರಳಿತು, ಒಳ್ಳೆಯ ಕಾರಣಕ್ಕಲ್ಲ.

"ಏಯ್, ನೋಡ್ರೋ ಇಲ್ಲಿ! ಇವ್ನೇ ಕಣ್ರೋ ನಾನು ಏಳಿದ್ನಲ್ಲ, ಆಸ್ಪತ್ರೆ ಕೋತಿ!" ಎಂದು ಹಮಾಲಿಗಳನ್ನೆಲ್ಲ ಕರೆದರು. "ಎಂಗೆ ನಿಂತ್ಕೊತಿದ್ದ ಗೊತ್ತಾ ನನ್ನ ಪಕ್ಕ? ಇಂಗೆ!"

ಭುಜ ಕಿವಿಗೇರಿಸಿದರು. ಕಣ್ಣು ಅಗಲಿಸಿದರು. ಹೊಟ್ಟೆ ಒಳಗೂ ಹೊರಗೂ ಮಾಡಿದರು. ನನ್ನ ಕತ್ತಿನ ವಾರೆ, ಮೆಷಿನ್ ನೋಡುವಾಗ ನಾನು ಮೇಲ್ತುಟಿ ಕಚ್ಚಿಕೊಳ್ಳುವ ಚಾಳಿ, ಅದು ನನಗೇ ಗೊತ್ತಿರಲಿಲ್ಲ, ಎಲ್ಲವೂ ಇತ್ತು. ಕೊಳವೆ ಕಚ್ಚಿಕೊಂಡು ಮಲಗಿದ್ದಾಗ ಮುದುಕ ಸುಮ್ಮನಿರಲಿಲ್ಲ, ನನ್ನ ಅಳತೆ ತೆಗೆಯುತ್ತಿದ್ದ. ಕಟ್ಟೆ ಕಟ್ಟೆಯೇ ನಕ್ಕಿತು. ಅವ್ವನೂ ನಕ್ಕಳು, ದ್ರೋಹಿ.

ಆಮೇಲೆ ನನ್ನ ಕೂಗನ್ನು ಅಣಕಿಸಲು ಹೋದರು. "ಬಂತು ಬಂತು ನಿಂಬೆ ಬಂತು, ತೆಳು ಸಿಪ್ಪೆ ತುಂಬು…" ಅಲ್ಲಿಗೆ ದಮ್ಮು ಕಟ್ಟಿತು. ಬಾಯಿ ತೆರೆದು ಎಳೆದುಕೊಂಡರು. ನಾನು ಎಳೆದಿದ್ದಕ್ಕಿಂತಲೂ ಮೊದಲೇ. ನಗು ನಿಂತುಹೋಯಿತು. ಹಮಾಲಿಗಳು ನೆಲ ನೋಡಿದರು. ಮೇಲಿದ್ದ ಹೊಸಬ ಕೂಡ ಕೂಗು ತಡೆದ. ಆ ಕಟ್ಟೆಯ ಮೇಲೆ ಎಷ್ಟು ವರ್ಷ ಉಸಿರಿನಿಂದ ಆಳಿದ್ದವರು! ಎಲ್ಲರೂ ಮರ್ಯಾದೆಗೆ ಏನೂ ಕೇಳದವರ ಹಾಗೆ ನಿಂತರು. ಯಜಮಾನರ ಮುಖ ಕಪ್ಪಿಟ್ಟಿತು. ಅದನ್ನು ನೋಡುವುದಕ್ಕಿಂತ ಕೊಳವೆಯೇ ಮೇಲಾಗಿತ್ತು.

"ಯಜಮಾನ್ರೇ," ಎಂದೆ ನಾನು, ಇಡೀ ಕಟ್ಟೆಗೆ ಕೇಳುವ ಹಾಗೆ, ಅವರದೇ ಗೊಗ್ಗರು ಗಂಟಲಿನಲ್ಲಿ. "ಅರ್ಧಕ್ಕೇ ಉಸಿರೆಳುದ್ಬುಟ್ರಿ. ಮಾಲು ಬಿತ್ತು."

ಯಾರೋ ಹಮಾಲಿ "ಲೇ!" ಎಂದು ನನ್ನ ಕಡೆ ಹೆಜ್ಜೆ ಇಟ್ಟ. ಅಷ್ಟರಲ್ಲಿ ಯಜಮಾನರು ಪಕ್ಕದ ಮೂಟೆಗೆ ಕೈ ಹಾಕಿ, ಒಂದು ನಿಂಬೆಹಣ್ಣು ಎತ್ತಿ, ತುಟಿ ಕಿರಿದು ಮಾಡಿ, ಉಸಿರನ್ನು ಉದ್ದಕ್ಕೆ, ನಿಧಾನವಾಗಿ, ತಳ ಮುಟ್ಟುವವರೆಗೂ ಹೊರಗೆ ಬಿಡುತ್ತಾ ಬೀಸಿದರು. ಮಗಳಿಗೆ ಗುಂಡು ಎಸೆಯುವ ಕೈ ಎಲ್ಲಿಂದ ಬಂತೆಂದು ಆಗ ತಿಳಿಯಿತು. ಹಣ್ಣು ನೇರ ನನ್ನ ಹಣೆಗೆ ಬಡಿದು ಅವ್ವನ ಕಾಲ ಬಳಿ ಬಿತ್ತು. ಕಟ್ಟೆ ಮತ್ತೆ ನಕ್ಕಿತು, ಮುದುಕನೂ ಕೆಮ್ಮುತ್ತಾ, ಬಯ್ಯುತ್ತಾ.

ಅವ್ವ ಬಗ್ಗಿ ಹಣ್ಣನ್ನು ಎತ್ತಿಕೊಂಡು, ಸೆರಗಿನಲ್ಲಿ ಒರೆಸಿ, ಚೀಲಕ್ಕೆ ಹಾಕಿಕೊಂಡಳು. ಆ ಕಟ್ಟೆಯಲ್ಲಿ ಅವಳ ಕಡೆಗೆ ಬಿದ್ದ ಮೊದಲ ಮಾಲು ಅದು.

"ಇನ್ನೊಂದ್ಸಲ ಅನ್ನೋ ಮಗ," ಎಂದಳು ಪಿಸುಮಾತಿನಲ್ಲಿ. "ಇನ್ನೊಂದು ಎಸೀಲಿ."